8 ಪವರಾ 10 ಪವರಾ? ಮಗಳು ಫೋಕಸ್ ಚಕ್ರ ಮುಟ್ಟೋದೇ ಇಲ್ಲ, ನಾನು ತಿರುಗಿಸ್ತಾನೇ ಇರ್ತೀನಿ

ಕೊಂಬೆಕಾಗೆ:
ಎಲ್ಲರಿಗೂ ನಮಸ್ಕಾರ. ಬೈನಾಕ್ಯುಲರ್ ತಗೋಬೇಕು ಅಂತ ಮೂರು ತಿಂಗಳಿಂದ ಒದ್ದಾಡ್ತಿದ್ದೀನಿ. ಸ್ನೇಹಿತರೊಬ್ಬರು ಅವರ 10×42 (10 ಪಟ್ಟು ಹಿಗ್ಗಿಸೋ ಪವರ್, ಮುಂದಿನ ಗಾಜು 42 ಎಂಎಂ) ಒಂದು ವಾರಕ್ಕೆ ಕೊಟ್ರು, ಇನ್ನೊಬ್ಬರ ಹತ್ರ 8×42 ಇಸ್ಕೊಂಡೆ, ಎರಡೂ ಒಂದೇ ಕಂಪನಿದು ಒಂದೇ ಮಾಡೆಲ್, ಪವರ್ ಮಾತ್ರ ಬೇರೆ. 10ರಲ್ಲಿ ಹಕ್ಕಿ ದೊಡ್ಡದಾಗಿ ಕಾಣತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮರದೊಳಗೆ ಮುಂದಿನ ಕೊಂಬೆಯಿಂದ ಹಿಂದಿನ ಕೊಂಬೆಗೆ ಹಾರಿದ್ರೆ ಸಾಕು, ಮಬ್ಬು. ನಾನು ಚಕ್ರ ತಿರುಗಿಸಿ ಸರಿ ಮಾಡ್ಕೊಳೋಷ್ಟರಲ್ಲಿ ಅದು ಅಲ್ಲಿಂದಲೂ ಎದ್ದು ಹೋಗಿರತ್ತೆ. 8ರಲ್ಲಿ ಈ ತಾಪತ್ರಯ ಎಷ್ಟೋ ಕಮ್ಮಿ. ಬರೀ 2 ಪವರ್‌ಗೆ ಇಷ್ಟು ಫರಕ್ ಯಾಕೆ ಬರತ್ತೆ?

ಇನ್ನೊಂದು ವಿಚಿತ್ರ. ನನಗೆ 48, ಮಗಳಿಗೆ 15. ಅದೇ 10×42 ಅವಳ ಕೈಗೆ ಕೊಟ್ರೆ ಒಂದು ಸಲ ಫೋಕಸ್ ಮಾಡ್ಕೊಂಡು ಆಮೇಲೆ ಚಕ್ರದ ತಂಟೆಗೇ ಹೋಗಲ್ಲ, ಹತ್ರದ್ದೂ ದೂರದ್ದೂ ಎಲ್ಲಾ ಕ್ಲಿಯರ್ ಅಂತಾಳೆ. ಮೊದಲು ಸುಳ್ಳು ಹೇಳ್ತಿದಾಳೆ ಅಂದ್ಕೊಂಡೆ. ಕೊಂಬೆ ಮೇಲೆ ಎಷ್ಟು ಇರುವೆ ಇದೆ ಹೇಳು ಅಂದೆ, ಎಣಿಸಿ ಹೇಳಿದ್ಲು. ಸುಳ್ಳಲ್ಲ.

ಹಕ್ಕಿಹಿಂದೆ:
8 ತಗೊಳ್ಳಿ. ಟಾಪಿಕ್ ಮುಗೀತು 😄

ಗಾಜಿನಮನೆ:
@ಹಕ್ಕಿಹಿಂದೆ ಉತ್ತರ ಸರಿನೇ, ಆದ್ರೆ ಅವರು ಕೇಳಿದ್ದು ಯಾಕೆ ಅಂತ.

ಸಾರ್, 8ಕ್ಕೂ 10ಕ್ಕೂ ವ್ಯತ್ಯಾಸ 2 ಅಂತ ಕಳೆಯೋ ಲೆಕ್ಕ ಹಾಕ್ಬೇಡಿ. ಡೆಪ್ತ್ ಆಫ್ ಫೀಲ್ಡ್, ಅಂದ್ರೆ ಚಕ್ರ ಮುಟ್ಟದೆ ಹತ್ರದಿಂದ ದೂರಕ್ಕೆ ಎಷ್ಟು ಹರವು ಕ್ಲಿಯರ್ ಕಾಣತ್ತೋ ಆ ಆಳ, ಪವರ್‌ನ ವರ್ಗಕ್ಕೆ ಸರಿಯಾಗಿ ಕಮ್ಮಿ ಆಗತ್ತೆ. 8ರ ವರ್ಗ 64, 10ರ ವರ್ಗ 100. ಅಂದ್ರೆ 8ರಲ್ಲಿ ಸಿಗೋ ಆಳದಲ್ಲಿ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಮ್ಮಿನೇ 10ರಲ್ಲಿ ಸಿಗತ್ತೆ. 7 ಪವರ್‌ಗೆ (49) ಹೋಲಿಸಿದ್ರೆ 10ರಲ್ಲಿ ಅರ್ಧಕ್ಕೆ ಅರ್ಧ.

ವರ್ಗ ಎಲ್ಲಿಂದ ಬಂತು ಅಂದ್ರೆ, ಬಿಸಿಲಲ್ಲಿ ನಿಮ್ಮ ಕಣ್ಣಿನ ಪಾಪೆ ಸುಮಾರು 2.5 ಎಂಎಂ ತೆರೆದಿದೆ ಅಂದ್ಕೊಳ್ಳಿ. 8 ಪವರ್ ಬೈನಾಕ್ಯುಲರ್ ಹಿಡಿದ್ರೆ ಅದರ 8 ಪಟ್ಟು, ಅಂದ್ರೆ ಮುಂದಿನ ಗಾಜಿನಲ್ಲಿ 20 ಎಂಎಂ ಅಗಲದ ಬೆಳಕಿನ ಕಟ್ಟು ನಿಮ್ಮ ಕಣ್ಣೊಳಗೆ ಇಳೀತಿರತ್ತೆ. ಬರಿಗಣ್ಣಿಗಿದ್ದ 2.5 ಎಂಎಂ ಕಿಂಡಿ ಈಗ 20 ಎಂಎಂ ಕಿಂಡಿ ಆಯ್ತು. ಕಿಂಡಿ ಅಗಲ ಆದಷ್ಟೂ ಫೋಕಸ್ ತಪ್ಪಿದ್ದು ಜಾಸ್ತಿ ಮಬ್ಬಾಗತ್ತೆ, ಅಲ್ಲಿ ಒಂದು ಸಲ 8 ಪಟ್ಟು ಏಟು. ಆ ಮಬ್ಬನ್ನೇ ಬೈನಾಕ್ಯುಲರ್ ಮತ್ತೆ 8 ಪಟ್ಟು ಹಿಗ್ಗಿಸಿ ತೋರಿಸತ್ತೆ, ಇನ್ನೊಂದು ಏಟು. 8 ಇಂಟು 8. ಹಕ್ಕಿನೂ ದೊಡ್ಡದಾಯ್ತು, ಮಬ್ಬೂ ದೊಡ್ಡದಾಯ್ತು.

20 ಮೀಟರ್‌ಗೆ ಫೋಕಸ್ ಮಾಡಿದೀರಿ, ಕಣ್ಣು ತಾನಾಗಿ ಏನೂ ಹೊಂದಿಸ್ಕೊಳ್ತಿಲ್ಲ, ಕಾಲು ಡಯಾಪ್ಟರ್ (ಕನ್ನಡಕದ ನಂಬರ್ ಹೇಳೋ ಅಳತೆ) ಅಷ್ಟು ಮಬ್ಬು ಗೊತ್ತಾಗಲ್ಲ ಅಂತ ಹಿಡ್ಕೊಂಡು ಲೆಕ್ಕ ಹಾಕಿದ್ರೆ 7 ಪವರಲ್ಲಿ ಸುಮಾರು 18ರಿಂದ 22 ಮೀಟರ್ ತನಕ ಕ್ಲಿಯರ್, 8ರಲ್ಲಿ 18.5ರಿಂದ 21.7, 10ರಲ್ಲಿ 19ರಿಂದ 21. ಒಂದು ಮರದ ಹರವು ಎಷ್ಟು ನೋಡಿ. 10ರಲ್ಲಿ ಅರ್ಧ ಮರ ಹೊರಗೇ ಉಳೀತು.

ಕ್ಯಾಮೆರಾಕೈ:
ಒಂದು ಮುಖ್ಯ ವಿಷಯ ಬಿಟ್ಟಿದೀರಿ. ಕ್ಯಾಮೆರಾದಲ್ಲಿ ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ) ಸಣ್ಣ ಮಾಡಿದ್ರೆ ಆಳ ಜಾಸ್ತಿ ಆಗತ್ತೆ, ಎಲ್ಲರಿಗೂ ಗೊತ್ತು. ಹಾಗಾದ್ರೆ 8×42 ಬದಲು 8×32 ತಗೊಂಡ್ರೆ ಆಳ ಜಾಸ್ತಿ, ತೂಕನೂ ಕಮ್ಮಿ. ಯಾರೂ ಇದನ್ನ ಹೇಳಲ್ವಲ್ಲ ಯಾಕೆ??

ಗಾಜಿನಮನೆ:
ಯಾಕಂದ್ರೆ ಹಗಲಲ್ಲಿ ಹಾಗೆ ಆಗಲ್ಲ. ಇಲ್ಲಿ ಅಪರ್ಚರ್ ಇರೋದು ಮುಂದಿನ ಗಾಜಲ್ಲಿ ಅಲ್ಲ, ನಿಮ್ಮ ಪಾಪೆಯಲ್ಲಿ. 8×42ರ ಎಕ್ಸಿಟ್ ಪ್ಯುಪಿಲ್ (ಕಣ್ಣಿನ ಕಡೆ ಹೊರಬರೋ ಬೆಳಕಿನ ಕಟ್ಟಿನ ಅಗಲ, 42 ಭಾಗಿಸು 8) 5.25 ಎಂಎಂ, 8×32ರದ್ದು 4 ಎಂಎಂ. ನಿಮ್ಮ ಪಾಪೆ 2.5ಕ್ಕೆ ಮುದುಡ್ಕೊಂಡು ಕೂತಿದೆ. ಎರಡರಲ್ಲೂ ಒಳಗೆ ಹೋಗೋದು ಅದೇ 2.5, ಉಳಿದಿದ್ದು ಪಾಪೆಯ ಸುತ್ತ ಬಣ್ಣದ ಭಾಗದ ಮೇಲೆ ಬಿದ್ದು ವೇಸ್ಟ್.

ಕ್ಯಾಮೆರಾಕೈ:
ಥಿಯರಿ ಎಲ್ಲ ಓಕೆ, ಆದ್ರೆ ನಾನು ಎರಡನ್ನೂ ಬಳಸಿದೀನಿ, 32ರಲ್ಲಿ ಆಳ ಜಾಸ್ತಿ ಅನ್ಸತ್ತೆ. ಅನುಭವ ಸುಳ್ಳಾ?

ಬಿಳಿಜ್ವಾಳ:
ಸುಮ್ಮ ಯಾಕ ವಾದ ಮಾಡಾಕತ್ತೀರಿ, ಒಂದು ರಟ್ಟು ಕತ್ತರಿಸಿ ನೋಡಿದ್ರ ಮುಗೀತಲ್ರಿ. ನಾ ಹೋದ ವರ್ಷ ಇದ ತಲಿಬ್ಯಾನಿ ಹಚ್ಕೊಂಡು ಮಾಡಿ ನೋಡೀನಿ. ಬಯಲಾಗ 15 ಮೀಟರಿನಿಂದ 25 ಮೀಟರ್ ಮಟ ಒಂದೊಂದು ಮೀಟರಿಗೆ ಒಂದು ಕೋಲು ನೆಟ್ಟೆ, ಒಂದರ ಹಿಂದ ಒಂದು ಮುಚ್ಚಬಾರದು ಅಂತ ಸ್ವಲ್ಪ ಓರೆಯಾಗಿ. ಕೋಲಿಗೆ ಹಳೇ ಕ್ಯಾಲೆಂಡರ್ ಹಾಳಿ ಅಂಟಿಸಿದ್ದೆ, ಅದರಾಗ ದೊಡ್ಡ ಅಂಕಿ ಕೆಳಗ ಸಣ್ಣ ಅಕ್ಷರ ಇರತಾವಲ್ಲ, ಆ ಸಣ್ಣ ಅಕ್ಷರ ಓದಾಕ ಬರತೈತೋ ಇಲ್ಲೋ ಅನ್ನೂದ ಪರೀಕ್ಷಾ. ಮಟಮಟ ಮಧ್ಯಾಹ್ನ. 8×42 ಸ್ಟ್ಯಾಂಡಿಗೆ ಬಿಗದು 20ರ ಕೋಲಿಗೆ ಫೋಕಸ್ ಮಾಡಿ ಮತ್ತ ಮುಟ್ಟಲಿಲ್ಲ. ನನಗ 61 ವಯಸ್ಸು.

ಏನೂ ಮುಚ್ಚದ ನೋಡಿದ್ರ 19, 20, 21 ಓದಾಕ ಬಂದ್ವು, 18ಕ್ಕ ಮತ್ತ 22ಕ್ಕ ಅಕ್ಷರ ಕಲಸಿಬಿಟ್ಟಿದ್ವು. ಎರಡೂ ಗಾಜಿಗೆ 20 ಎಂಎಂ ತೂತಿನ ರಟ್ಟು ಹಚ್ಚಿದೆ. ಹಂಗ ಐತಿ! ಬೆಳಕು ಸುದ್ದಾ ಕಮ್ಮಿ ಆದಂಗ ಅನಸಲಿಲ್ಲ. 42 ಎಂಎಂ ಗಾಜನ್ನ ಅರ್ಧಕ್ಕಿಂತ ಸಣ್ಣದು ಮಾಡಿದ್ರೂ ಕಣ್ಣಿಗೆ ಗೊತ್ತಾಗಲಿಲ್ಲ ಅಂದ್ರ ನೋಡ್ರಿ. ಆಮ್ಯಾಲ 10 ಎಂಎಂ ತೂತು ಹಚ್ಚಿದೆ. ಈಗ ಫರಕ್ ಬಂತು, 18ರಿಂದ 23ರ ಮಟ ಓದಾಕ ಬಂತು, ಆದ್ರ ಮೋಡ ಕವಿದಂಗ ಕತ್ತಲು ಕತ್ತಲು.

ಗಾಜಿನಮನೆ:
ಯಜಮಾನ್ರೇ, ಶರಣು 🙏 ಇದಕ್ಕಿಂತ ಚೆನ್ನಾಗಿ ನಾನು ಹೇಳಕ್ಕಾಗ್ತಿರ್ಲಿಲ್ಲ. 10 ಎಂಎಂ ತೂತು ಅಂದ್ರೆ ಎಕ್ಸಿಟ್ ಪ್ಯುಪಿಲ್ 1.25 ಎಂಎಂ, ಪಾಪೆಗಿಂತ ಸಣ್ಣದು, ಅದಕ್ಕೇ ಆಗ ಮಾತ್ರ ಆಳ ಬೆಳೀತು.

ಕ್ಯಾಮೆರಾಕೈ:
ಸರಿ ಸರಿ, ಹಗಲಲ್ಲಿ ಒಪ್ದೆ. ಆದ್ರೆ ಮುಸ್ಸಂಜೆಲಿ? ಪಾಪೆ 5 ಎಂಎಂ ತೆರೆದಾಗ 32ರ 4 ಎಂಎಂ ಅಡ್ಡ ಬರತ್ತೆ ತಾನೆ? ಆಗ 32ರಲ್ಲಿ ಆಳ ಜಾಸ್ತಿ ಆಗ್ಲೇಬೇಕು. ನಾನು ನೋಡಿದ್ದು ಸಂಜೆ ಹೊತ್ತೇ.

ಗಾಜಿನಮನೆ:
ಹೌದು, ಅಲ್ಲಿ ನೀವು ಹೇಳಿದ್ದು ಸರಿ, ಬೆಳಕನ್ನ ಬಿಟ್ಟುಕೊಟ್ಟು ಆಳ ತಗೊಂಡ ಹಾಗೆ. ಸಂಜೆ ಹೊತ್ತು ಯಾವ ಬೈನಾಕ್ಯುಲರ್ ಆದ್ರೂ ಆಳ ಕಮ್ಮಿ ಆಗತ್ತೆ, ಪಾಪೆ ಅಗಲ ಆಗೋದ್ರಿಂದ. ಬೆಳಿಗ್ಗೆ ಹನ್ನೊಂದಕ್ಕೆ ಸರಾಗವಾಗಿದ್ದಿದ್ದು ಸಂಜೆ ಆರೂವರೆಗೆ ಕೈ ಕೊಡ್ತು ಅಂದ್ರೆ ಬೈನಾಕ್ಯುಲರ್ ಕೆಟ್ಟಿಲ್ಲ.

ಹಳೇಕನ್ನಡಕ:
ಎಲ್ಲರೂ ಗಾಜಿನ ಹಿಂದೆ ಬಿದ್ರಿ, ಪಾಪ ಅವರ ಮಗಳ ಪ್ರಶ್ನೆ ಹಾಗೇ ಉಳೀತು.

ಕೊಂಬೆಕಾಗೆ ಅವರೇ, ನಿಮ್ಮ ಮಗಳ ಕಣ್ಣೊಳಗಿನ ಲೆನ್ಸ್ ಇನ್ನೂ ಮೆತ್ತಗಿದೆ. ಅದು ಉಬ್ಬಿ ಇಳಿದು ತಾನೇ ಫೋಕಸ್ ಮಾಡ್ಕೊಳತ್ತೆ. ಫೋಕಸ್ ಚಕ್ರ ಅವಳ ಕಣ್ಣೊಳಗೇ ಇದೆ ಅಂದ್ಕೊಳ್ಳಿ. ನಿಮಗೆ ಚಾಳೀಸು ಬಂದಿರ್ಬೇಕಲ್ಲ? ಪುಸ್ತಕ ಕೈ ನೀಡಿ ಹಿಡಿದು ಓದೋದು ಶುರುವಾದ ದಿನದಿಂದ ಬೈನಾಕ್ಯುಲರ್ ಚಕ್ರ ತಿರುಗಿಸೋ ಕೆಲಸವೂ ಜಾಸ್ತಿ ಆಗತ್ತೆ, ಎರಡೂ ಒಂದೇ ಕಾಯಿಲೆ.

ನನಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಒಳಗೆ ಹಾಕಿರೋ ಲೆನ್ಸ್ ಒಂದೇ ದೂರದ್ದು, ಅದು ಉಬ್ಬಲ್ಲ ತಗ್ಗಲ್ಲ. ಆಪರೇಷನ್ ಆದ ಮೇಲೆ ಮೊದಲ ಸಲ ನನ್ನ 10×42 ಎತ್ಕೊಂಡಾಗ ಬಣ್ಣ ನೋಡಿ ಖುಷಿಯಾಯ್ತು, ಎಷ್ಟು ವರ್ಷದಿಂದ ಹಳದಿ ಪರದೆ ಹಿಂದೆ ಇದ್ನಲ್ಲ ಅನ್ನಿಸ್ತು. ಹತ್ತು ನಿಮಿಷಕ್ಕೆ ಖುಷಿ ಇಳೀತು. ಬೇಲಿ ಮೇಲಿನ ಹಕ್ಕಿ ಕ್ಲಿಯರ್ ಇದ್ರೆ ಅದರ ಒಂದು ಮಾರು ಹಿಂದೆ ಕೂತಿದ್ದು ಬೂದಿ ಉಂಡೆ. ಬೆರಳು ಚಕ್ರದ ಮೇಲಿಂದ ತೆಗೆಯೋ ಹಾಗೇ ಇಲ್ಲ. ಈಗ 7×42 ಬಳಸ್ತೀನಿ. ಹಕ್ಕಿ ಸ್ವಲ್ಪ ಚಿಕ್ಕದು, ಆದ್ರೆ ಸಿಗತ್ತೆ.

ಕೊಂಬೆಕಾಗೆ:
ಅಯ್ಯೋ, ಹೌದು ಮೇಡಂ, ಕನ್ನಡಕ ಇಲ್ದೆ ಮೊಬೈಲ್ ಓದಕ್ಕಾಗಲ್ಲ ನನಗೆ. ಇದೂ ಅದೂ ಒಂದೇ ಅಂತ ಹೊಳೆದೇ ಇರ್ಲಿಲ್ಲ!! ಹಾಗಾದ್ರೆ ಇಂಟರ್ನೆಟ್ಟಲ್ಲಿ ರಿವ್ಯೂ ಬರೆಯೋರು "ಆಳ ಅದ್ಭುತ" ಅಂತ ಬರೀತಾರಲ್ಲ, ಅದು ಅವರ ವಯಸ್ಸಿನ ಮೇಲೆ ಹೋಗತ್ತಾ?

ಗಾಜಿನಮನೆ:
ಬಹಳ ಮಟ್ಟಿಗೆ. ವಯಸ್ಸು ಬರೀದೆ ಇರೋ ರಿವ್ಯೂಲಿ ಆಳದ ಬಗ್ಗೆ ಏನಿದ್ರೂ ನಾನು ಓದದೆ ಮುಂದೆ ಹೋಗ್ತೀನಿ.

ಲೆಕ್ಕ ಬೇಕಿದ್ರೆ ಸುಲಭ ಇದೆ. ಬೈನಾಕ್ಯುಲರ್ ಅನಂತ ದೂರಕ್ಕೆ ಫೋಕಸ್ ಮಾಡಿಟ್ರೆ, ಪವರ್‌ನ ವರ್ಗವನ್ನ ಕಣ್ಣು ಹೊಂದಿಸ್ಕೊಳ್ಳೋ ಶಕ್ತಿಯಿಂದ (ಡಯಾಪ್ಟರ್‌ನಲ್ಲಿ) ಭಾಗಿಸಿ, ಅಷ್ಟು ಮೀಟರ್‌ನಿಂದ ಆಚೆ ಎಲ್ಲ ಕ್ಲಿಯರ್. ಹದಿಹರೆಯದಲ್ಲಿ ಈ ಶಕ್ತಿ 10 ಡಯಾಪ್ಟರ್‌ಗೂ ಮೇಲೆ, 45ರ ಸುಮಾರಿಗೆ 4ರ ಹತ್ರ, 60 ದಾಟಿದ್ರೆ 1 ಅಥವಾ ಅದಕ್ಕೂ ಕಮ್ಮಿ. ನಿಮ್ಮ ಮಗಳಿಗೆ 8 ಪವರಲ್ಲಿ 64 ಭಾಗಿಸು 10, ಆರೂವರೆ ಮೀಟರ್‌ನಿಂದ ದಿಗಂತದ ತನಕ ಚಕ್ರ ಮುಟ್ಟೋದೇ ಬೇಡ! 10ರಲ್ಲೂ 10 ಮೀಟರ್‌ನಿಂದ. ನಿಮಗೆ ಸುಮಾರು 3 ಡಯಾಪ್ಟರ್ ಉಳಿದಿದೆ ಅಂದ್ರೆ 8ರಲ್ಲಿ 21 ಮೀಟರ್, 10ರಲ್ಲಿ 33 ಮೀಟರ್, ಅದೂ ಕಣ್ಣನ್ನ ಪೂರ್ತಿ ಹಿಂಡಿದ್ರೆ. ಆರಾಮಾಗಿ ಅರ್ಧ ಶಕ್ತಿ ಮಾತ್ರ ಬಳಸಕ್ಕಾಗೋದು, ಹಾಗಾಗಿ ಈ ದೂರಗಳನ್ನ ಡಬಲ್ ಮಾಡ್ಕೊಳ್ಳಿ. ಕಣ್ಣು ಒಬ್ಬೊಬ್ಬರದ್ದು ಒಂದೊಂದು ಥರ, ಇದು ಸರಾಸರಿ ಲೆಕ್ಕ ಅಷ್ಟೇ.

ಚಿಟ್ಟೆಗುಂಗು:
ನೀವೆಲ್ಲ 20 ಮೀಟರ್ 30 ಮೀಟರ್ ಅಂತ ಮಾತಾಡ್ತಿದೀರಿ, ನಮ್ಮ ಗೋಳು ಕೇಳಿ. ಚಿಟ್ಟೆ ನೋಡೋದು 2-3 ಮೀಟರಲ್ಲಿ. ಅಲ್ಲಿ 10 ಪವರ್ ಹಿಡಿದ್ರೆ ಮುಂದಿನ ರೆಕ್ಕೆ ಕ್ಲಿಯರ್, ಹಿಂದಿನ ಹೂವು ಬರೀ ಬಣ್ಣ 😭

ಗಾಜಿನಮನೆ:
3 ಮೀಟರಲ್ಲಿ ಮೊದಲು ಹೇಳಿದ ಕಾಲು ಡಯಾಪ್ಟರ್ ಲೆಕ್ಕಕ್ಕೆ 8 ಪವರ್‌ಗೆ ಸುಮಾರು 7 ಸೆಂಟಿಮೀಟರ್, 10ಕ್ಕೆ ನಾಲ್ಕೂವರೆ ಸೆಂಟಿಮೀಟರ್ ಮೇಡಂ.

ಚಿಟ್ಟೆಗುಂಗು:
ಅದಕ್ಕೇ ನಾನು ಪೆಂಟಾಕ್ಸ್ ಪ್ಯಾಪಿಲಿಯೋ 6.5×21ಕ್ಕೆ ಬಂದಿದ್ದು. ಅರ್ಧ ಮೀಟರ್ ಹತ್ರಕ್ಕೂ ಫೋಕಸ್ ಆಗತ್ತೆ, ಕಾಲ ಬುಡದ ಹೂವಿನ ಮೇಲೆ ಕೂತಿದ್ದನ್ನೂ ನೋಡ್ಬಹುದು. 8.5×21 ಕೂಡ ಇದೆ, ಆದ್ರೆ ಆಳದ ಆಸೆಗೆ ಕಮ್ಮಿ ಪವರ್‌ದೇ ತಗೊಂಡೆ. ಆದ್ರೂ ಅರ್ಧ ಮೀಟರಲ್ಲಿ ಆಳ ಕೆಲವೇ ಮಿಲಿಮೀಟರ್, ಚಿಟ್ಟೆಯ ಕಣ್ಣಿಗೆ ಫೋಕಸ್ ಮಾಡಿದ್ರೆ ಅತ್ತ ಕಡೆ ರೆಕ್ಕೆ ಹೋಯ್ತು. ನಾನಂತೂ ಚಕ್ರ ಬಿಟ್ಟು ಉಸಿರು ಬಿಗಿ ಹಿಡಿದು ತಲೆಯನ್ನೇ ಹಿಂದೆ ಮುಂದೆ ಆಡಿಸ್ತೀನಿ, ಪಕ್ಕದಲ್ಲಿ ನಿಂತೋರು ಇವಳಿಗೇನಾಯ್ತು ಅಂತ ನೋಡ್ತಾರೆ.

ರಾತ್ರಿಪಾಳಿ:
ಆಕಾಶ ನೋಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಗಾಬರಿ ಬೀಳ್ಬೇಡಿ. ಚಂದ್ರ, ನಕ್ಷತ್ರ ಎಲ್ಲ ಅನಂತ ದೂರನೇ, ಒಂದು ಸಲ ಫೋಕಸ್ ಮಾಡಿದ್ರೆ ಮುಗೀತು, 15 ಪವರ್ ಆದ್ರೇನು 20 ಆದ್ರೇನು. ನಮಗೆ ಕೈ ನಡುಗೋದು ಚಿಂತೆ, ಆಳ ಅಲ್ಲ. ಹಡಗಿನಲ್ಲಿ ಬಳಸೋ 7×50 ನೋಡಿ, ಎಷ್ಟೋ ಮಾಡೆಲಲ್ಲಿ ಮಧ್ಯದ ಚಕ್ರನೇ ಇರಲ್ಲ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹೊಂದಿಸಿ ಬಿಟ್ರೆ ಆಯ್ತು. 7 ಪವರ್ ಆಗಿರೋದಕ್ಕೇ ಅದು ನಡೆಯತ್ತೆ.

ಹಕ್ಕಿಹಿಂದೆ:
ಹಾಗಾದ್ರೆ "ಫೋಕಸ್ ಮಾಡೋದೇ ಬೇಡ" ಅಂತ ಮಾರ್ತಾರಲ್ಲ, ಅದೂ ಇದೇನಾ? ನಮ್ಮ ಮಾವನಿಗೆ ಒಂದು ಗಿಫ್ಟ್ ಬಂದಿತ್ತು, ಅವರಿಗೆ ಏನೂ ಕಾಣ್ತಿರ್ಲಿಲ್ಲ, ಮಕ್ಕಳು ಮಾತ್ರ ಸೂಪರ್ ಅಂತಿದ್ರು.

ರಾತ್ರಿಪಾಳಿ:
ಅದೇ. ಅದರೊಳಗೆ ಫೋಕಸ್ ಮಾಡೋ ಸಾಧನ ಏನೂ ಇಲ್ಲ, ಒಂದು ದೂರಕ್ಕೆ ಹೊಂದಿಸಿ ಬಿಟ್ಟಿರ್ತಾರೆ, ಮಿಕ್ಕಿದ್ದು ಕಣ್ಣೇ ಮಾಡ್ಕೋಬೇಕು. ಮಾವನವರ ಕಣ್ಣು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು.

ಹಕ್ಕಿಹಿಂದೆ:
😂 ಇನ್ನೊಂದು ಡೌಟು. ನನ್ನ ಹತ್ರ ಹಳೇ ಪೋರೋ 8×30 ಇದೆ, ಆಕಡೆ ಈಕಡೆ ಅಗಲ ಇರೋದು. ಅದ್ರಲ್ಲಿ ಹೊಸ ರೂಫ್ (ನೆಟ್ಟಗಿನ ಕೊಳವೆ ಥರದ್ದು) 8×32ಕ್ಕಿಂತ ಆಳ ಜಾಸ್ತಿ ಕಾಣತ್ತೆ, ಆಣೆಗೂ. ಪವರ್ ಒಂದೇ ಅಲ್ವಾ?

ಗಾಜಿನಮನೆ:
ಅದು ಡೆಪ್ತ್ ಆಫ್ ಫೀಲ್ಡ್ ಅಲ್ಲ, ತ್ರೀಡಿ. ಪೋರೋದಲ್ಲಿ ಎರಡು ಮುಂದಿನ ಗಾಜು ನಮ್ಮ ಕಣ್ಣುಗಳಿಗಿಂತ ದೂರ ದೂರ ಇರೋದ್ರಿಂದ ಯಾವುದು ಮುಂದೆ ಯಾವುದು ಹಿಂದೆ ಅನ್ನೋದು ಎದ್ದು ಕಾಣತ್ತೆ. ಕನ್ನಡದಲ್ಲಿ ಎರಡಕ್ಕೂ "ಆಳ" ಅಂತೀವಲ್ಲ, ಅರ್ಧ ಜಗಳ ಅಲ್ಲೇ ಹುಟ್ಟೋದು. ಒಂದು ಕಣ್ಣು ಮುಚ್ಚಿ ನೋಡಿ, ಆ ಮಜಾ ಮಾಯ ಆದ್ರೆ ಅದು ತ್ರೀಡಿ.

ಕೆಲವು ಹಳೇ ಡಿಸೈನಲ್ಲಿ ಇನ್ನೊಂದು ಕಿತಾಪತಿನೂ ಇದೆ. ಮಧ್ಯಕ್ಕೂ ಅಂಚಿಗೂ ಒಂದೇ ದೂರದಲ್ಲಿ ಫೋಕಸ್ ಇರಲ್ಲ, ಹಾಗಾಗಿ ದೂರದ ಮರ ಮಧ್ಯದಲ್ಲಿ ಕ್ಲಿಯರ್ ಇದ್ದಾಗ ಚಿತ್ರದ ಕೆಳಗಿನ ಅಂಚಲ್ಲಿ ಹತ್ರದ ಹುಲ್ಲೂ ಕ್ಲಿಯರ್ ಕಾಣಬಹುದು. ಅಂಚಿನ ತನಕ ಫ್ಲ್ಯಾಟ್ ಮಾಡಿರೋ ಡಿಸೈನಲ್ಲಿ ಆ ಬೋನಸ್ ಸಿಗಲ್ಲ.

ಮತ್ತೆ ಚಕ್ರದ ವೇಗ. ಒಂದು ಸುತ್ತಿಗೆ ಹತ್ರದಿಂದ ಅನಂತಕ್ಕೆ ಹೋಗೋದು, ಎರಡು ಸುತ್ತು ಬೇಕಾಗೋದು ಎರಡೂ ಥರ ಇರತ್ತೆ. ವೇಗದ ಚಕ್ರ ಒಂಚೂರು ತಾಗಿದ್ರೂ ಫೋಕಸ್ ಹಾರಿಹೋಗತ್ತೆ, ಜನ "ಇದ್ರಲ್ಲಿ ಆಳನೇ ಇಲ್ಲ" ಅಂತಾರೆ. ಪವರ್ ಒಂದೇ ಆದ್ರೆ ಯಾವ ಕಂಪನಿ ಹೆಸರೂ ಆಳ ಕೊಡಲ್ಲ, ಎಷ್ಟು ದುಡ್ಡು ಸುರಿದ್ರೂ.

ಹಳೇಕನ್ನಡಕ:
ಕೊಂಬೆಕಾಗೆ ಅವರಿಗೆ ಒಂದು ಉಪಾಯ. ಫೋಕಸ್ ಮಾಡುವಾಗ ಚಕ್ರವನ್ನ ಯಾವ ಕಡೆಯಿಂದ ತರ್ತೀರಿ ಅನ್ನೋದು ನೋಡ್ಕೊಳ್ಳಿ. ಮೊದಲು ಬೇಕಂತಲೇ ಹತ್ರಕ್ಕೆ ತಿರುಗಿಸಿ ಎಲ್ಲ ಮಬ್ಬು ಮಾಡ್ಕೊಳ್ಳಿ, ಅಲ್ಲಿಂದ ನಿಧಾನಕ್ಕೆ ದೂರದ ಕಡೆ ತಿರುಗಿಸಿ, ಹಕ್ಕಿ ಮೊದಲ ಸಲ ಕ್ಲಿಯರ್ ಆದ ಕೂಡ್ಲೇ ಬೆರಳು ನಿಲ್ಲಿಸಿ. ಆಗ ಕಣ್ಣು ಸಡಿಲವಾಗಿರತ್ತೆ, ಉಳಿದಿರೋ ಶಕ್ತಿಯೆಲ್ಲ ಹಕ್ಕಿಗಿಂತ ಹತ್ರ ಇರೋದನ್ನ ನೋಡೋಕೆ ಮೀಸಲು. ಅದರ ಬದಲು ದೂರದಿಂದ ಹತ್ರಕ್ಕೆ ತಂದು ಕ್ಲಿಯರ್ ಆದ ತಕ್ಷಣ ನಿಲ್ಲಿಸಿದ್ರೆ ಕಣ್ಣು ಆಗಲೇ ಪೂರ್ತಿ ಹಿಂಡ್ಕೊಂಡಿರತ್ತೆ, ಹತ್ತು ನಿಮಿಷಕ್ಕೆ ತಲೆನೋವು. ಆಪರೇಷನ್‌ಗೆ ಮುಂಚೆ ನಾನು ಹೀಗೇ ದಿನ ದೂಡಿದ್ದು. ಬಲಗಣ್ಣಿನ ಡಯಾಪ್ಟರ್ ರಿಂಗೂ ಹೀಗೇ ಹೊಂದಿಸ್ಬೇಕು, ಅದು ತಪ್ಪಿದ್ರೆ ಒಂದು ಕಣ್ಣು ಸರಿ ಅಂದ್ರೆ ಇನ್ನೊಂದು ಕಣ್ಣು ಇಲ್ಲ ಅನ್ನತ್ತೆ.

ಕ್ಯಾಮೆರಾಕೈ:
ಇದು ನನಗೂ ಗೊತ್ತಿರ್ಲಿಲ್ಲ. ಈಗ್ಲೇ ಕಿಟಕಿಯಿಂದ ಟ್ರೈ ಮಾಡ್ದೆ, ಎರಡು ಕಡೆಯಿಂದ ತಂದಾಗ ಚಕ್ರ ನಿಲ್ಲೋ ಜಾಗ ಬೇರೆ ಬೇರೆ! ಇಷ್ಟು ದಿನ ತಪ್ಪು ಕಡೆಯಿಂದ ತರ್ತಿದ್ದೆ.

ಜೂಮ್‌ರಾಜ:
ಲೇಟಾಗಿ ಬಂದೆ ಸಾರಿ. ಹಾಗಾದ್ರೆ ಜೂಮ್ ಇರೋದು 8-24×50 ತಗೊಂಡ್ರೆ ಎರಡೂ ಸಿಗತ್ತಲ್ಲ? ಹತ್ರಕ್ಕೆ 8, ದೂರಕ್ಕೆ 24.

ಬಿಳಿಜ್ವಾಳ:
ಬ್ಯಾಡ್ರಿ. 8ರಿಂದ 16ಕ್ಕ ಹೋದ್ರ ಆಳ ನಾಲ್ಕನೇ ಒಂದು ಪಾಲಿಗೆ ಇಳೀತೈತಿ, 24ಕ್ಕ ಕೈಯಾಗ ಹಿಡಿಯಾಕ ಆಗೂದಿಲ್ಲ, ಕೆಳಗ 8ರಾಗ ನೋಡಿದ್ರ ದೃಶ್ಯ ಕೊಳವಿಯಾಗ ಇಣುಕಿದಂಗ ಸಣ್ಣದು. ಹಂಗ ಪವರ್ ಬದಲಾದ್ರ ಆಳ ಹೆಂಗ ಕುಗ್ಗತೈತಿ ಅಂತ ಕಣ್ಣಾರೆ ನೋಡಬೇಕಂದ್ರ ಅದರಷ್ಟು ಚಲೋ ಸಾಮಾನು ಇಲ್ಲ, ಅಷ್ಟಕ್ಕ ಮಾತ್ರ ಇಟ್ಕೋಬಹುದು.

ಕೊಂಬೆಕಾಗೆ:
ಎಲ್ಲರಿಗೂ ಥ್ಯಾಂಕ್ಸ್, ಎರಡು ವಾರ ಆದ್ಮೇಲೆ ಅಪ್‌ಡೇಟ್. 8×42 ತಗೊಂಡೆ. ಕೆರೆ ಕಡೆ ಹೋದಾಗ ಮಾತ್ರ 10 ಇರ್ಬೇಕಿತ್ತು ಅನ್ಸತ್ತೆ, ಬಾತುಕೋಳಿ ಎಲ್ಲಾ 150 ಮೀಟರ್ ಆಚೆ, ಅಲ್ಲಿ ಹೇಗೂ ಚಕ್ರ ತಿರುಗಿಸೋ ಕೆಲಸ ಇಲ್ಲ. ಆದ್ರೆ ನಾನು ನೋಡೋದು ಹತ್ತರಲ್ಲಿ ಎಂಟು ಸಲ ಮರದಲ್ಲೇ. ಹಳೇಕನ್ನಡಕ ಮೇಡಂ ಹೇಳಿದ ಹಾಗೆ ಹತ್ರದಿಂದ ದೂರಕ್ಕೆ ತರೋದು ರೂಢಿ ಮಾಡ್ಕೊಂಡೆ, ಮೊದಲ ಎರಡು ದಿನ ಬೆರಳು ಉಲ್ಟಾ ಹೋಗ್ತಿತ್ತು, ಈಗ ಸರಿ ಹೋಗಿದೆ. ನಿನ್ನೆ ಒಂದು ಮರಕುಟಿಗ ಕಾಂಡದ ಸುತ್ತ ತಿರುಗ್ತಾ ತಿರುಗ್ತಾ ಮೇಲೆ ಹೋಯ್ತು, ಪೂರ್ತಿ ನೋಡ್ದೆ, ಚಕ್ರ ಮುಟ್ಟಿದ್ದು ಒಂದೇ ಸಲ.

ಮನೇಲಿ ಮಾತ್ರ ಹೊಸ ಜಗಳ. ನಾನು ಹತ್ರದ ಪೊದೆ ನೋಡಿ ಹಾಗೇ ಅವಳ ಕೈಗೆ ಕೊಟ್ರೆ ದೂರದ್ದೆಲ್ಲ ಮಬ್ಬು, "ಅಪ್ಪಾ ಕೆಡಿಸಿಬಿಟ್ಟೆ" ಅಂತಾಳೆ. ಅವಳ ಕಣ್ಣು ಹತ್ರಕ್ಕೆ ಹೊಂದಿಸ್ಕೊಳತ್ತೆ, ಆದ್ರೆ ಫೋಕಸ್ ಇಟ್ಟಿರೋದಕ್ಕಿಂತ ಆಚೆಗೆ ಅವಳಿಗೂ ಹೋಗಕ್ಕಾಗಲ್ಲ, ಅಲ್ವಾ?

ಗಾಜಿನಮನೆ:
ಕರೆಕ್ಟ್. ಆ ಕಡೆಗೆ 15 ಆದ್ರೂ ಒಂದೇ 61 ಆದ್ರೂ ಒಂದೇ.

ಕೊಂಬೆಕಾಗೆ:
ಹಾಗಾದ್ರೆ ಅವಳ ಆರ್ಡರ್ ಸರಿಯಾಗೇ ಇದೆ. ಬೈನಾಕ್ಯುಲರ್ ಪಟ್ಟಿ ಮೇಲೆ ಪೆನ್ನಲ್ಲಿ ಬರೆದಿಟ್ಟಿದಾಳೆ: "ಕೊಡೋ ಮುಂಚೆ ದೂರಕ್ಕೆ ತಿರುಗಿಸಿ ಕೊಡು."